ಎ.ಸಿ.ಯಿಂದ ಡಿ.ಸಿ.ಗೆ: ಒಬ್ಬ ಕಾಮರ್ಸ್ ವಿದ್ಯಾರ್ಥಿ ಕಲಿತ ಪಾಠ

ನಮ್ಮ ಸಂಘದ ಪತ್ರಿಕೆಗೆ ಏನಾದರೂ ಬರೆದುಕೊಡು ಎಂದು ಸಂಪಾದಕ ಮಿತ್ರರು ಕೇಳಿದಾಗ, ಕವಿತೆ ಬರೆಯಬಲ್ಲವರು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ, ನಾನೊಂದು ಪಾಠ ಬರೆಯುತ್ತೇನೆ ಅಂದೆ. ಯಾವ ಪಾಠ ಅಂದರು. ನಿಯಂತ್ರಿತ ರೆಕ್ಟಿಫೈಯರ್ ಅಂದೆ. ಅವರು ನಕ್ಕರು. ನಗುವುದು ಸಹಜವೇ. ನಾನು ಓದುತ್ತಿರುವುದು ಬಿ.ಕಾಂ. ಡೆಬಿಟ್, ಕ್ರೆಡಿಟ್ ಬಿಟ್ಟು ವಿದ್ಯುತ್ತಿನ ವಿಷಯಕ್ಕೆ ಇವನು ಯಾಕೆ ಕೈ ಹಾಕಿದ ಅಂತ ನೀವೂ ಕೇಳಬಹುದು. ಆದ್ದರಿಂದ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ಸಂಜೆ ಹೊತ್ತು ನಾನು ಭೋಸರಿಯ ಒಂದು ಸಣ್ಣ ಪ್ಲೇಟಿಂಗ್ ವರ್ಕ್‌ಶಾಪಿನಲ್ಲಿ ಲೆಕ್ಕ ಬರೆಯುತ್ತೇನೆ. ಕಬ್ಬಿಣದ ಸಾಮಾನಿಗೆ ನಿಕಲ್ ಲೇಪ ಕೊಡುವುದು ಅಲ್ಲಿಯ ಕೆಲಸ. ರಾತ್ರಿ ಪಾಳಿಯಲ್ಲಿ ವಿಜಾಪುರ ಕಡೆಯ ಒಬ್ಬ ಹಿರಿಯರು ಇದ್ದಾರೆ. ನಾನು ಅಕ್ಕಲಕೋಟೆ ತಾಲೂಕಿನವನು, ಹತ್ತನೆಯ ತನಕ ಕನ್ನಡ ಶಾಲೆಯಲ್ಲಿ ಓದಿದವನು. ಆ ವರ್ಕ್‌ಶಾಪಿನಲ್ಲಿ ನನ್ನೊಡನೆ ಕನ್ನಡ ಮಾತಾಡುವವರು ಅವರೊಬ್ಬರೇ. ನಾನು ಅವರನ್ನು ಕಾಕಾ ಅಂತ ಕರೆಯುತ್ತೇನೆ. ಕಳೆದ ವರ್ಷ ನಾನು ಬರೆದ ಒಂದು ಲೆಕ್ಕದ ಕಾಗದದಿಂದಾಗಿ ಆ ಕಾಕಾರ ಮೇಲೆ ಕಳ್ಳತನದ ಅನುಮಾನ ಬಂತು. ಲೆಕ್ಕದಲ್ಲಿ ಗುಣಾಕಾರ ಸರಿಯಿತ್ತು, ಸಂಕಲನ ಸರಿಯಿತ್ತು. ಆದರೂ ಲೆಕ್ಕ ತಪ್ಪಾಗಿತ್ತು. ಯಾಕೆ ತಪ್ಪಾಯಿತು ಎಂಬುದೇ ಈ ಪಾಠ.

ಸ್ಟೆನ್ಸಿಲ್ ಮೇಲೆ ಚಿತ್ರ ಚೆನ್ನಾಗಿ ಮೂಡುವುದಿಲ್ಲ ಅಂತ ಸಂಪಾದಕರು ಮೊದಲೇ ಎಚ್ಚರಿಸಿದ್ದಾರೆ. ಆದ್ದರಿಂದ ಓದುಗರು ಒಂದು ಕಾಗದ, ಪೆನ್ಸಿಲ್ ಹಿಡಿದು ಕುಳಿತು, ನಾನು ಹೇಳಿದ ಹಾಗೆ ಗೆರೆ ಎಳೆಯುತ್ತ ಹೋಗಬೇಕಾಗಿ ವಿನಂತಿ.

1. ಎರಡು ಬಗೆಯ ವಿದ್ಯುತ್ತು

ಹೈಸ್ಕೂಲಿನಲ್ಲಿ ನಾವೆಲ್ಲ ಓದಿದ್ದೇವೆ: ಒಂದೇ ದಿಕ್ಕಿಗೆ ಹರಿಯುವುದು ನೇರ ವಿದ್ಯುತ್ತು, ಅಂದರೆ ಡಿ.ಸಿ.; ದಿಕ್ಕು ಬದಲಾಯಿಸುತ್ತಲೇ ಇರುವುದು ಪರ್ಯಾಯ ವಿದ್ಯುತ್ತು, ಅಂದರೆ ಎ.ಸಿ. ಟಾರ್ಚಿನ ಸೆಲ್ಲು ಕೊಡುವುದು ಡಿ.ಸಿ. ಗೋಡೆಯ ಪ್ಲಗ್ಗಿನಲ್ಲಿ ಸಿಗುವುದು ಎ.ಸಿ.

ಕಾಗದದ ಮೇಲೆ ಒಂದು ಅಡ್ಡಗೆರೆ ಎಳೆಯಿರಿ. ಅದರ ಮೇಲೆ ಒಂದು ಗುಡ್ಡ, ಕೆಳಗೆ ಒಂದು ತಗ್ಗು, ಮತ್ತೆ ಗುಡ್ಡ, ಮತ್ತೆ ತಗ್ಗು, ಹೀಗೆ ಅಲೆ ಬಿಡಿಸಿರಿ. ಒಂದು ಗುಡ್ಡ ಮತ್ತು ಒಂದು ತಗ್ಗು ಸೇರಿ ಒಂದು ಆವರ್ತ. ನಮ್ಮ ದೇಶದಲ್ಲಿ ಸೆಕೆಂಡಿಗೆ ಇಂಥ 50 ಆವರ್ತಗಳು. ಅಂದರೆ ಒಂದು ಆವರ್ತಕ್ಕೆ ಒಂದು ಸೆಕೆಂಡಿನ ಸಾವಿರದ 20 ಪಾಲು, ಒಂದು ಗುಡ್ಡಕ್ಕೆ ಸಾವಿರದ 10 ಪಾಲು. ಇಂಥ ಒಂದು ಪಾಲಿಗೆ ಮಿಲಿಸೆಕೆಂಡ್ ಅಂತ ಹೆಸರು. ಒಂದು ಗುಡ್ಡ 10 ಮಿಲಿಸೆಕೆಂಡ್ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮನೆಯ ವಿದ್ಯುತ್ತು 230 ವೋಲ್ಟ್ ಅನ್ನುತ್ತೇವೆ. ಗುಡ್ಡದ ತುದಿ ಅದಕ್ಕಿಂತ ಎತ್ತರ: 230 ನ್ನು 1.414 ರಿಂದ ಗುಣಿಸಿದರೆ ಸುಮಾರು 325 ವೋಲ್ಟ್. 230 ಎಂಬುದು ಬಿಸಿ ಮಾಡುವ ಶಕ್ತಿಯ ಲೆಕ್ಕದಲ್ಲಿ ತೆಗೆದ ಒಂದು ಬಗೆಯ ಸರಾಸರಿ. ಆದರೆ ಗುಡ್ಡವನ್ನೂ ತಗ್ಗನ್ನೂ ಕೂಡಿಸಿ ಸಾದಾ ಸರಾಸರಿ ತೆಗೆದರೆ ಬರುವುದು ಸೊನ್ನೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಜಮಾ ಎಷ್ಟೋ ಖರ್ಚೂ ಅಷ್ಟೇ, ಶಿಲ್ಕು ಇಲ್ಲ.

ಪ್ಲೇಟಿಂಗ್ ತೊಟ್ಟಿಗೆ ಈ ಶಿಲ್ಕಿಲ್ಲದ ವಿದ್ಯುತ್ತು ಪ್ರಯೋಜನವಿಲ್ಲ. ತೊಟ್ಟಿಯಲ್ಲಿ ನಿಕಲ್ ಲವಣದ ನೀರು, ಅದರಲ್ಲಿ ಒಂದು ಕಡೆ ನಿಕಲ್ ಲೋಹ, ಇನ್ನೊಂದು ಕಡೆ ಲೇಪ ಹತ್ತಬೇಕಾದ ಸಾಮಾನು. ಸಾಮಾನು ಸದಾ ಋಣ ಬದಿಯಲ್ಲಿಯೇ ಇರಬೇಕು, ಆಗ ಮಾತ್ರ ನಿಕಲ್ ಬಂದು ಕೂರುತ್ತದೆ. ದಿಕ್ಕು ಬದಲಾಗುತ್ತಲೇ ಇದ್ದರೆ ಲೇಪ ಕೂರುವುದು ಹೇಗೆ? ಎಷ್ಟು ನಿಕಲ್ ಹತ್ತುತ್ತದೆ ಎಂಬುದನ್ನು ಫ್ಯಾರಡೆಯ ನಿಯಮ ಹೇಳುತ್ತದೆ. ಒಂದು ಆಂಪಿಯರ್ ಒಂದು ತಾಸು ಹರಿದರೆ ಹೆಚ್ಚೆಂದರೆ ಸುಮಾರು 1.1 ಗ್ರಾಂ ನಿಕಲ್. ಲೇಪದ ತೂಕ ನಿರ್ಧಾರವಾಗುವುದು ಆಂಪಿಯರಿನಿಂದ ಮತ್ತು ಹೊತ್ತಿನಿಂದ. ವೋಲ್ಟ್ ಎಷ್ಟು ಬೇಕು ಎಂಬುದು ಆ ಆಂಪಿಯರನ್ನು ತೊಟ್ಟಿಯೊಳಗೆ ನೂಕಲು ಎಷ್ಟು ಅಡ್ಡಿಯಿದೆ ಎಂಬುದರ ಮೇಲೆ ಹೋಗುತ್ತದೆ.

2. ಒಮ್ಮುಖ ಬಾಗಿಲು

ಸೈಕಲ್ ಟ್ಯೂಬಿನ ವಾಲ್ವ್ ನೋಡಿದ್ದೀರಿ. ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ವಿದ್ಯುತ್ತಿಗೆ ಅಂಥದೇ ಒಂದು ವಾಲ್ವ್ ಇದೆ, ಅದರ ಹೆಸರು ಡಯೋಡ್. ಎ.ಸಿ.ಯ ದಾರಿಯಲ್ಲಿ ಒಂದು ಡಯೋಡ್ ಇಟ್ಟರೆ ಗುಡ್ಡಗಳು ದಾಟುತ್ತವೆ, ತಗ್ಗುಗಳು ಅಲ್ಲೇ ನಿಲ್ಲುತ್ತವೆ. ನಿಮ್ಮ ಕಾಗದದಲ್ಲಿ ತಗ್ಗುಗಳನ್ನೆಲ್ಲ ಅಳಿಸಿಬಿಡಿ. ಉಳಿದದ್ದೇ ಅರ್ಧ ಅಲೆಯ ರೆಕ್ಟಿಫೈಯರ್. ಎ.ಸಿ.ಯನ್ನು ಡಿ.ಸಿ. ಮಾಡುವ ಸಾಧನಕ್ಕೆ ರೆಕ್ಟಿಫೈಯರ್ ಅಂತ ಹೆಸರು.

ಅಳಿಸಿದ ತಗ್ಗು ವ್ಯರ್ಥವಾಯಿತಲ್ಲ? ಅದಕ್ಕೆ ನಾಲ್ಕು ಡಯೋಡುಗಳನ್ನು ಸೇತುವೆಯಂತೆ ಜೋಡಿಸುತ್ತಾರೆ. ಗುಡ್ಡ ಬಂದಾಗ ಒಂದು ಜೋಡಿ ದಾರಿ ಬಿಡುತ್ತದೆ, ತಗ್ಗು ಬಂದಾಗ ಇನ್ನೊಂದು ಜೋಡಿ ದಾರಿ ಬಿಡುತ್ತದೆ; ಆದರೆ ಹೊರಗೆ ಹೋಗುವ ದಿಕ್ಕು ಎರಡು ಸಲವೂ ಒಂದೇ. ತಗ್ಗನ್ನು ಮಗುಚಿ ಗುಡ್ಡ ಮಾಡಿದ ಹಾಗೆ. ಈಗ ಗುಡ್ಡದ ಪಕ್ಕ ಗುಡ್ಡ, ಸಾಲು ಗುಡ್ಡ. 325 ವೋಲ್ಟಿನ ಗುಡ್ಡಗಳಾದರೆ ಸರಾಸರಿ ಸುಮಾರು 207 ವೋಲ್ಟ್ ಡಿ.ಸಿ.

ಇಲ್ಲಿಗೆ ಎ.ಸಿ. ಹೋಗಿ ಡಿ.ಸಿ. ಬಂತು. ಆದರೆ ಒಂದು ತೊಂದರೆ. ಡಯೋಡಿಗೆ ಹೇಳಿದ ಮಾತು ಕೇಳುವ ಕಿವಿಯಿಲ್ಲ. 207 ಅಂದರೆ 207. ನನಗೆ ಇವತ್ತು 150 ಸಾಕು, ನಾಳೆ 50 ಸಾಕು ಅಂದರೆ ಅದು ಒಪ್ಪುವುದಿಲ್ಲ.

3. ಚಿಲಕವಿರುವ ಬಾಗಿಲು

ಹೇಳಿದ ಮಾತು ಕೇಳುವ ವಾಲ್ವ್ ಬೇಕೆಂಬ ಹುಡುಕಾಟ ಹಳೆಯದು. 1902 ರಲ್ಲಿ ಅಮೆರಿಕದ ಪೀಟರ್ ಕೂಪರ್ ಹೆವಿಟ್ ಪಾದರಸದ ಆವಿ ತುಂಬಿದ ರೆಕ್ಟಿಫೈಯರ್ ಮಾಡಿದ. ಮುಂದೆ ಅದರೊಳಗೆ ಒಂದು ಜಾಲರಿ ಸೇರಿಸಿ, ವಿದ್ಯುತ್ತು ಯಾವಾಗ ಶುರುವಾಗಬೇಕು ಎಂಬುದನ್ನು ಹಿಡಿತಕ್ಕೆ ತಂದರು. 1957 ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಅದೇ ಕೆಲಸವನ್ನು ಸಿಲಿಕಾನಿನ ಒಂದು ಸಣ್ಣ ಬಿಲ್ಲೆಯಲ್ಲಿ ಮಾಡಿ ತೋರಿಸಿದರು. ಅದರ ಹೆಸರು ಸಿಲಿಕಾನ್ ಕಂಟ್ರೋಲ್ಡ್ ರೆಕ್ಟಿಫೈಯರ್, ಎಸ್.ಸಿ.ಆರ್. ಇನ್ನೊಂದು ಹೆಸರು ಥೈರಿಸ್ಟರ್.

ಡಯೋಡಿಗೆ ಎರಡು ತುದಿ, ಥೈರಿಸ್ಟರಿಗೆ ಮೂರು. ಮೂರನೆಯದರ ಹೆಸರು ಗೇಟ್. ಇದರ ಸ್ವಭಾವ ಮೂರೇ ಮಾತಿನಲ್ಲಿ ಹೇಳಬಹುದು:

ಒಂದು, ಹಿಮ್ಮುಖವಾಗಿ ಬಂದ ವಿದ್ಯುತ್ತನ್ನು ಇದು ಡಯೋಡಿನಂತೆಯೇ ತಡೆಯುತ್ತದೆ.

ಎರಡು, ಮುಮ್ಮುಖವಾಗಿ ಬಂದರೂ ಬಿಡುವುದಿಲ್ಲ, ಗೇಟಿಗೆ ಒಂದು ಸಣ್ಣ ತಟ್ಟು ಬೀಳುವ ತನಕ. ಆ ತಟ್ಟಿಗೆ ಕೆಲವೇ ವೋಲ್ಟ್ ಸಾಕು.

ಮೂರು, ಒಮ್ಮೆ ತೆರೆದರೆ ಗೇಟಿನ ಮಾತು ಮುಗಿಯಿತು. ತಟ್ಟು ನಿಂತರೂ ಬಾಗಿಲು ತೆರೆದೇ ಇರುತ್ತದೆ. ಅದು ಮುಚ್ಚುವುದು ತನ್ನೊಳಗೆ ಹರಿಯುವ ಕರೆಂಟು ಹೆಚ್ಚುಕಡಿಮೆ ಸೊನ್ನೆಗೆ ಇಳಿದಾಗಲೇ.

ಇಲಿಬೋನನ್ನು ನೆನೆಯಿರಿ. ಕೊಕ್ಕೆಗೆ ಒಂದು ಸಣ್ಣ ತಾಗು ಸಾಕು, ಬಾಗಿಲು ಬಿತ್ತು. ಆಮೇಲೆ ಕೊಕ್ಕೆಯನ್ನು ಎಷ್ಟು ಎಳೆದರೂ ಬಾಗಿಲು ಮೇಲೇಳದು. ಥೈರಿಸ್ಟರಿನಲ್ಲಿ ಮಾತ್ರ ಕೊಕ್ಕೆ ತಾಗಿದರೆ ಬಾಗಿಲು ತೆರೆಯುತ್ತದೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ಮತ್ತೆ ಮುಚ್ಚುವವರು ಯಾರು? ಇಲ್ಲಿಯೇ ಎ.ಸಿ.ಯ ಉಪಕಾರ. ಗುಡ್ಡ ಇಳಿದು ಸೊನ್ನೆಗೆ ಬಂದಾಗ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಸೇತುವೆಯಲ್ಲಾದರೆ ಮುಂದಿನ ಜೋಡಿ ತೆರೆದ ಕೂಡಲೇ ಕರೆಂಟು ಆ ಕಡೆಗೆ ಹೋಗಿ, ಹಿಂದಿನ ಜೋಡಿ ಮುಚ್ಚುತ್ತದೆ. ಮುಚ್ಚಲು ಬೇರೆ ಸಾಧನ ಬೇಕಿಲ್ಲ.

ಆದ್ದರಿಂದ ನಮ್ಮ ಕೈಯಲ್ಲಿರುವುದು ಒಂದೇ ವಿಷಯ: ಪ್ರತಿ ಗುಡ್ಡದಲ್ಲಿ ಬಾಗಿಲನ್ನು ಎಷ್ಟು ತಡವಾಗಿ ತೆರೆಯುವುದು? ನಿಯಂತ್ರಣ ಅಂದರೆ ಈ ತಡ ಮಾಡುವುದೇ. ಇಷ್ಟು ತಿಳಿದರೆ ಪಾಠದ ಅರ್ಧ ಮುಗಿಯಿತು.

4. ಎಷ್ಟು ತಡ, ಎಷ್ಟು ವೋಲ್ಟ್

ಒಂದು ಗುಡ್ಡವನ್ನು 180 ಡಿಗ್ರಿ ಅಂತ ಎಣಿಸುತ್ತಾರೆ. ಬಾಗಿಲು ತೆರೆಯುವ ಜಾಗಕ್ಕೆ ಫೈರಿಂಗ್ ಕೋನ ಅಥವಾ ಆಲ್ಫಾ ಎಂದು ಹೆಸರು. 10 ಮಿಲಿಸೆಕೆಂಡಿಗೆ 180 ಡಿಗ್ರಿಯಾದರೆ 60 ಡಿಗ್ರಿಗೆ ಸುಮಾರು 3.3 ಮಿಲಿಸೆಕೆಂಡ್, 90 ಡಿಗ್ರಿಗೆ 5 ಮಿಲಿಸೆಕೆಂಡ್.

ಈಗ ನಿಮ್ಮ ಕಾಗದದ ಸಾಲು ಗುಡ್ಡಗಳಲ್ಲಿ, ಪ್ರತಿಯೊಂದರ ಎಡಭಾಗವನ್ನು ಆಲ್ಫಾದ ತನಕ ಅಳಿಸಿರಿ. ಉಳಿದದ್ದರ ಸರಾಸರಿಯೇ ನಮಗೆ ಸಿಗುವ ಡಿ.ಸಿ. ಹೊರಗಡೆ ಇರುವುದು ಹೀಟರ್ ಕಾಯಿಲಿನಂಥ ಸಾದಾ ತಡೆ ಎಂದಿಟ್ಟುಕೊಂಡರೆ, 230 ವೋಲ್ಟ್ ಎ.ಸಿ.ಗೆ ಲೆಕ್ಕ ಹೀಗೆ:

ಆಲ್ಫಾ 0 ಡಿಗ್ರಿ: 207 ವೋಲ್ಟ್
ಆಲ್ಫಾ 60 ಡಿಗ್ರಿ: 155 ವೋಲ್ಟ್
ಆಲ್ಫಾ 90 ಡಿಗ್ರಿ: 103 ವೋಲ್ಟ್
ಆಲ್ಫಾ 120 ಡಿಗ್ರಿ: 52 ವೋಲ್ಟ್
ಆಲ್ಫಾ 180 ಡಿಗ್ರಿ: 0 ವೋಲ್ಟ್

ಸೂತ್ರ ಬೇಕಾದವರಿಗೆ: 325 ನ್ನು 3.14 ರಿಂದ ಭಾಗಿಸಿ, ಒಂದಕ್ಕೆ ಆಲ್ಫಾದ ಕೊಸೈನ್ ಕೂಡಿಸಿ ಗುಣಿಸಿರಿ. ನಾಬ್ ತಿರುಗಿಸಿದರೆ ಒಳಗಿನ ಫೈರಿಂಗ್ ಕಾರ್ಡು ತಟ್ಟನ್ನು ಬೇಗ ಅಥವಾ ತಡವಾಗಿ ಕೊಡುತ್ತದೆ, ವೋಲ್ಟ್ ಏರುತ್ತದೆ ಅಥವಾ ಇಳಿಯುತ್ತದೆ.

ಇನ್ನೊಂದು ಸಂಗತಿ ಇದೆ, ಮುಂದಿನ ಕತೆಗೆ ಅದೇ ಮುಖ್ಯ. ದೊಡ್ಡ ಯಂತ್ರಗಳಲ್ಲಿ ಕರೆಂಟು ಕುಲುಕದೆ ನಯವಾಗಿ ಹರಿಯಲಿ ಎಂದು ಚೋಕ್ ಎಂಬ ಸುರುಳಿಯನ್ನು ಇಡುತ್ತಾರೆ. ಸುರುಳಿಯ ಗುಣ ಭಾರವಾದ ಬಂಡಿಯ ಗುಣ. ಎತ್ತು ನಿಂತರೂ ಬಂಡಿ ತಟ್ಟನೆ ನಿಲ್ಲದು. ಹಾಗೆ ಗುಡ್ಡ ಮುಗಿದು ಸೊನ್ನೆಗೆ ಬಂದರೂ ಕರೆಂಟು ನಿಲ್ಲುವುದಿಲ್ಲ, ಬಾಗಿಲು ಮುಚ್ಚುವುದಿಲ್ಲ, ತಗ್ಗಿನ ಒಂದು ಪಾಲೂ ಒಳಗೆ ನುಗ್ಗುತ್ತದೆ. ಮುಂದಿನ ಜೋಡಿಗೆ ತಟ್ಟು ಬೀಳುವ ತನಕ ಇದು ನಡೆಯುತ್ತದೆ. ಗುಡ್ಡದ ಪಾಲು ಜಮಾ, ತಗ್ಗಿನ ಪಾಲು ಖರ್ಚು. ಆದ್ದರಿಂದ ಸರಾಸರಿ ಇನ್ನೂ ಇಳಿಯುತ್ತದೆ. ಆಗ ಸೂತ್ರ ಮತ್ತೂ ಸುಲಭ: 207 ನ್ನು ಆಲ್ಫಾದ ಕೊಸೈನಿನಿಂದ ಗುಣಿಸಿದರಾಯಿತು. 60 ಡಿಗ್ರಿಗೆ 155 ಅಲ್ಲ, 103. 90 ಡಿಗ್ರಿಗೆ ಸೊನ್ನೆ.

90 ದಾಟಿದರೆ? ಕೊಸೈನ್ ಋಣವಾಗುತ್ತದೆ. ಖರ್ಚು ಜಮಾವನ್ನು ಮೀರುತ್ತದೆ. ಅಂದರೆ ಡಿ.ಸಿ. ಕಡೆ ಬೇರೆ ವಿದ್ಯುತ್ ಮೂಲವೊಂದಿದ್ದರೆ, ಶಕ್ತಿ ಅಲ್ಲಿಂದ ಎ.ಸಿ. ಕಡೆಗೆ ಹಿಂದಕ್ಕೆ ಹರಿಯುತ್ತದೆ. ಅದೇ ಸೇತುವೆ, ಅದೇ ಥೈರಿಸ್ಟರುಗಳು, ಬರೀ ತಟ್ಟುವ ಹೊತ್ತು ಬದಲಾಯಿತು, ಎ.ಸಿ.ಯನ್ನು ಡಿ.ಸಿ. ಮಾಡುತ್ತಿದ್ದದ್ದು ಈಗ ಡಿ.ಸಿ.ಯನ್ನು ಎ.ಸಿ. ಮಾಡುತ್ತದೆ. ಇದನ್ನು ಮೊದಲ ಸಲ ಕೇಳಿದಾಗ ನನಗೆ ನಂಬಿಕೆಯಾಗಲಿಲ್ಲ. ಕೋಲಾರದ ಉದಾಹರಣೆ ಕೇಳಿದ ಮೇಲೆ ನಂಬಿದೆ.

5. ಪುಣೆಯ ರೈಲು, ಕೋಲಾರದ ತಂತಿ

ಮೊದಲು ನಮ್ಮ ಪುಣೆಯದೇ ಮಾತು. ಭಾರತದ ಮೊದಲ ವಿದ್ಯುತ್ ರೈಲು 1925 ರ ಫೆಬ್ರವರಿ 3 ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾ ತನಕ ಓಡಿತು. ಅದು ಓಡಿದ್ದು 1,500 ವೋಲ್ಟ್ ಡಿ.ಸಿ. ಮೇಲೆ. ಅದೇ ಡಿ.ಸಿ. ತಂತಿ ಭೋರ್ ಘಾಟ್ ಹತ್ತಿ ಆ ದಶಕದ ಕೊನೆಗೆ ಪುಣೆಗೂ ಬಂತು. 1930 ರ ಜೂನ್ 1 ರಿಂದ ಡೆಕ್ಕನ್ ಕ್ವೀನ್ ಶುರುವಾಯಿತು. 1978 ರಲ್ಲಿ ಶುರುವಾದ ಪುಣೆ-ಲೋಣಾವಳಾ ಲೋಕಲ್ ಕೂಡ ಡಿ.ಸಿ. ಮೇಲೆಯೇ ಓಡಿತು. ಹಳೆಯ ಕಾಲದ ಎಂಜಿನ್ನುಗಳಿಗೆ ಡಿ.ಸಿ. ಮೋಟಾರೇ ಒಗ್ಗಿತ್ತು, ನಿಂತಲ್ಲಿಂದ ಎಳೆಯುವ ಬಲ ಅದಕ್ಕೆ ಹೆಚ್ಚು. ವಿದ್ಯುತ್ತು ತಯಾರಾಗುವುದು ಎ.ಸಿ.ಯಾಗಿ, ಆದ್ದರಿಂದ ದಾರಿಯುದ್ದಕ್ಕೂ ಸಬ್‌ಸ್ಟೇಷನ್ನುಗಳಲ್ಲಿ ಅದನ್ನು ಡಿ.ಸಿ. ಮಾಡಿ ತಂತಿಗೆ ಬಿಡಬೇಕಿತ್ತು.

ಈಗ ಈ ಮಾರ್ಗಗಳೆಲ್ಲ 25,000 ವೋಲ್ಟ್ ಎ.ಸಿ. ಆಗಿವೆ. ಮುಂಬಯಿಯ ಹಾರ್ಬರ್ ಮಾರ್ಗದಲ್ಲಿ ಉಳಿದಿದ್ದ ಡಿ.ಸಿ. ಕೂಡ 2016 ರ ಏಪ್ರಿಲ್‌ನಲ್ಲಿ ಮುಗಿಯಿತು. ಪರಿವರ್ತನೆಯ ಕೆಲಸ ಹಾದಿಬದಿಯ ಸಬ್‌ಸ್ಟೇಷನ್ನಿನಿಂದ ರೈಲಿನ ಹೊಟ್ಟೆಯೊಳಗೆ ಹೋಯಿತು ಅನ್ನಬಹುದು. ಮೆಟ್ರೋಗಳಲ್ಲೂ ಈ ಎರಡು ಪದ್ಧತಿ ಕಾಣುತ್ತವೆ. 2022 ರ ಮಾರ್ಚ್‌ನಲ್ಲಿ ಶುರುವಾದ ನಮ್ಮ ಪುಣೆ ಮೆಟ್ರೋ ತಲೆಯ ಮೇಲಿನ 25,000 ವೋಲ್ಟ್ ಎ.ಸಿ. ತಂತಿಯಿಂದ ಓಡುತ್ತದೆ. 2011 ರಲ್ಲಿ ಶುರುವಾದ ಬೆಂಗಳೂರಿನ ನಮ್ಮ ಮೆಟ್ರೋಗೆ ಮೇಲೆ ತಂತಿಯಿಲ್ಲ, ಹಳಿಯ ಪಕ್ಕದ ಮೂರನೆಯ ಹಳಿಯಲ್ಲಿ 750 ವೋಲ್ಟ್ ಡಿ.ಸಿ. ಬರುತ್ತದೆ. ಊರಿಗೆ ಹೋದಾಗ ಗಮನಿಸಿ ನೋಡಿ.

ಇನ್ನು ಕೋಲಾರ. 1902 ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತು ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಒಯ್ದರು, ಅದು ಎ.ಸಿ. ಇದಾಗಿ ನೂರು ವರ್ಷಕ್ಕೆ, 2003 ರಲ್ಲಿ, ಅದೇ ಕೋಲಾರಕ್ಕೆ ಒಡಿಶಾದ ತಾಲ್ಚೇರ್‌ನಿಂದ ಸುಮಾರು 1,400 ಕಿಲೋಮೀಟರ್ ದೂರದ ತಂತಿಯಲ್ಲಿ ವಿದ್ಯುತ್ತು ಬಂತು, ಇದು ಡಿ.ಸಿ. ಒಂದು ತಂತಿಯಲ್ಲಿ ಧನ 5 ಲಕ್ಷ ವೋಲ್ಟ್, ಇನ್ನೊಂದರಲ್ಲಿ ಋಣ 5 ಲಕ್ಷ ವೋಲ್ಟ್. ಸಾಮರ್ಥ್ಯ ಮೊದಲಿಗೆ 2,000 ಮೆಗಾವಾಟ್, ಆಮೇಲೆ 2,500ಕ್ಕೆ ಏರಿಸಿದರು. ತಾಲ್ಚೇರ್‌ನಲ್ಲಿ ಥೈರಿಸ್ಟರುಗಳ ಸಾಲುಗಳು ಸಣ್ಣ ಆಲ್ಫಾದಲ್ಲಿ ತೆರೆದು ಎ.ಸಿ.ಯನ್ನು ಡಿ.ಸಿ. ಮಾಡುತ್ತವೆ. ಕೋಲಾರದಲ್ಲಿ ಅಂಥದೇ ಸಾಲುಗಳು 90 ಡಿಗ್ರಿಯನ್ನು ಬಹಳ ದಾಟಿ ತೆರೆದು ಅದನ್ನು ಮತ್ತೆ ಎ.ಸಿ. ಮಾಡುತ್ತವೆ.

ಇಷ್ಟೆಲ್ಲ ತೊಂದರೆ ಯಾಕೆ, ಎ.ಸಿ.ಯನ್ನೇ ಒಯ್ಯಬಾರದಿತ್ತೆ? ಇಷ್ಟು ದೂರಕ್ಕೆ ಡಿ.ಸಿ. ಮಿತವ್ಯಯ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಸ್ವಾರಸ್ಯವಾದದ್ದು. ಆಗ ದಕ್ಷಿಣ ಭಾರತದ ವಿದ್ಯುತ್ ಜಾಲ ಉಳಿದ ಭಾರತದ ಜಾಲದೊಂದಿಗೆ ಹೆಜ್ಜೆ ಕೂಡಿಸಿ ನಡೆಯುತ್ತಿರಲಿಲ್ಲ. ಇಬ್ಬರದೂ ಸೆಕೆಂಡಿಗೆ ಸುಮಾರು 50 ಆವರ್ತವೇ, ಆದರೆ ಇವರ ಗುಡ್ಡ ಬಂದಾಗ ಅವರದೂ ಗುಡ್ಡವೇ ಬರಬೇಕೆಂದಿಲ್ಲ. ಹೆಜ್ಜೆ ಕೂಡದ ಎರಡು ಎ.ಸಿ.ಗಳನ್ನು ನೇರ ತಂತಿ ಹಾಕಿ ಜೋಡಿಸಲಾಗದು. ಡಿ.ಸಿ.ಗೆ ಹೆಜ್ಜೆಯೇ ಇಲ್ಲ. ಅದು ಇಬ್ಬರ ನಡುವಿನ ದುಭಾಷಿ. 2013 ರ ಡಿಸೆಂಬರ್ 31 ರಂದು 765 ಕಿಲೋವೋಲ್ಟಿನ ರಾಯಚೂರು-ಸೋಲಾಪುರ ಎ.ಸಿ. ಮಾರ್ಗ ಜೋಡಿಸಿದಾಗ ಎರಡು ಜಾಲಗಳೂ ಒಂದೇ ಹೆಜ್ಜೆಗೆ ಬಂದವು. ನಮ್ಮ ಸೋಲಾಪುರದ ಮೂಲಕವೇ ದೇಶದ ಜಾಲ ಒಂದಾಯಿತು ಎಂಬುದು ಗಡಿನಾಡಿನ ಹುಡುಗನಾದ ನನಗೆ ಹೆಮ್ಮೆಯ ಸಂಗತಿ.

6. ನನ್ನ ತಪ್ಪು ಲೆಕ್ಕ

ಈಗ ಭೋಸರಿಗೆ ವಾಪಸು ಬರೋಣ. ನಮ್ಮ ವರ್ಕ್‌ಶಾಪಿನ ರೆಕ್ಟಿಫೈಯರು 12 ವೋಲ್ಟ್, 1,000 ಆಂಪಿಯರಿನದು. ಮೂರು ಫೇಸ್, ಆರು ಥೈರಿಸ್ಟರ್. ಹಗಲು ಪಾಳಿಯಲ್ಲಿ ಸಣ್ಣ ಸಾಮಾನುಗಳನ್ನು ತೂತಿರುವ ಬ್ಯಾರೆಲ್ಲಿನಲ್ಲಿ ತುಂಬಿ ತಿರುಗಿಸುತ್ತಾರೆ. ತೂತುಗಳ ಮೂಲಕ, ಸಾಮಾನಿನ ರಾಶಿಯ ಮೂಲಕ ಕರೆಂಟು ಹೋಗಬೇಕು, ಅಡ್ಡಿ ಹೆಚ್ಚು. 1,000 ಆಂಪಿಯರಿಗೆ 9 ವೋಲ್ಟ್ ಬೇಕು. ಕಳೆದ ವರ್ಷ ರಾತ್ರಿ ಪಾಳಿಗೆ ಬೇರೆ ಕೆಲಸ ಬಂತು: ದೊಡ್ಡ ಸಾಮಾನು, ಕೊಕ್ಕೆಗೆ ತೂಗುಹಾಕಿ ಅದ್ದುವುದು. ಅಡ್ಡಿ ಕಡಿಮೆ. ಅಷ್ಟೇ 1,000 ಆಂಪಿಯರಿಗೆ 4 ವೋಲ್ಟ್ ಸಾಕಾಯಿತು. ಕಾಕಾ ನಾಬ್ ಇಳಿಸಿ, ರಿಜಿಸ್ಟರಿನಲ್ಲಿ ವೋಲ್ಟ್, ಆಂಪಿಯರ್, ತಾಸು ಎಲ್ಲ ಬರೆದಿಡುತ್ತಿದ್ದರು.

ಬಿಲ್ಲು ಮಾತ್ರ ಇಳಿಯಲಿಲ್ಲ. ನೋಡು ಅಂತ ಶೇಠರು ನನಗೆ ಹೇಳಿದರು. ನಾನು ಉತ್ಸಾಹದಿಂದ ಪಟ್ಟಿ ಮಾಡಿದೆ. ವೋಲ್ಟನ್ನು ಆಂಪಿಯರಿನಿಂದ, ತಾಸಿನಿಂದ ಗುಣಿಸಿದರೆ ಯೂನಿಟ್ಟು. ಹಗಲು ಎಂಟು ತಾಸಿಗೆ 72 ಯೂನಿಟ್ಟು, ರಾತ್ರಿ ಎಂಟು ತಾಸಿಗೆ 32. ಪಾಳಿ ಬದಲಾಗುವಾಗ ಮೀಟರ್ ಓದಿ ಬರೆಯುವ ಪದ್ಧತಿ ಇತ್ತು. ಪಂಪು, ದೀಪಗಳ ಪಾಲು ಕಳೆದರೆ ಮೀಟರಿನ ಪ್ರಕಾರ ಹಗಲೂ ಸುಮಾರು 100, ರಾತ್ರಿಯೂ ಸುಮಾರು 100. ಹಗಲಿನ 28 ನ್ನು ನಷ್ಟ ಎಂದು ಬಿಟ್ಟೆ. ರಾತ್ರಿಯ 68 ಎಲ್ಲಿ ಹೋಯಿತು? ಕಾಗದದ ಕೊನೆಗೆ ಇಂಗ್ಲಿಷಿನಲ್ಲಿ ಬರೆದೆ: ರಾತ್ರಿ ಪಾಳಿಯಲ್ಲಿ ರಿಜಿಸ್ಟರಿಗೆ ಬಾರದ ಬಳಕೆ ಇದೆ. ಅದನ್ನು ಓದಿದವರಿಗೆ ಅರ್ಥ ಒಂದೇ: ರಾತ್ರಿ ಕಾಕಾ ಯಾರದೋ ಮಾಲು ಗುಟ್ಟಾಗಿ ಓಡಿಸುತ್ತಿದ್ದಾರೆ. ಅವರನ್ನು ರಾತ್ರಿ ಪಾಳಿಯಿಂದ ತೆಗೆದರು. ರಾತ್ರಿ ಭತ್ತೆ ಹೋಯಿತು.

ಆದರೆ ಕಾಕಾ ಹೋದ ಮೇಲೂ, ಬೇರೆಯವರ ಕೈಯಲ್ಲಿ, ರಾತ್ರಿ 100 ಬರುತ್ತಲೇ ಇತ್ತು. ಆಗ ನನಗೆ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ನನ್ನ ರೂಮಿನಲ್ಲಿ ಹುಬ್ಬಳ್ಳಿಯ ಡಿಪ್ಲೊಮಾ ಗೆಳೆಯನಿದ್ದಾನೆ. ಅವನ ಮುಂದೆ ಪಟ್ಟಿ ಇಟ್ಟೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಮೀಟರಿನ್ಯಾಗ ಯಾವ ಅಂಕಿ ನೋಡಿ ಬರದೀಯಪಾ? ಕೆ.ಡಬ್ಲ್ಯು.ಎಚ್. ಏನು, ಕೆ.ವಿ.ಎ.ಎಚ್.?"

ನಾನು ಎರಡನೆಯದನ್ನು ಬರೆದಿದ್ದೆ. ಬಿಲ್ಲು ಆಗುತ್ತಿದ್ದದ್ದು ಅದರ ಮೇಲೆ. 2020 ರಿಂದ ಮಹಾರಾಷ್ಟ್ರದಲ್ಲಿ ದೊಡ್ಡ ಕೈಗಾರಿಕಾ ಬಳಕೆದಾರರಿಗೆ ಈ ಪದ್ಧತಿ ಬಂದಿದೆ. ಎರಡಕ್ಕೂ ವ್ಯತ್ಯಾಸ ಏನೆಂದು ನನಗೆ ಗೊತ್ತಿರಲಿಲ್ಲ.

ವ್ಯತ್ಯಾಸ ಇದು. ಕೆ.ಡಬ್ಲ್ಯು.ಎಚ್. ಅಂದರೆ ನಿಜವಾಗಿ ಬಳಕೆಯಾದ ಶಕ್ತಿ, ನಮ್ಮ ಭಾಷೆಯಲ್ಲಿ ನಿವ್ವಳ. ಕೆ.ವಿ.ಎ.ಎಚ್. ಅಂದರೆ ತಂತಿಯ ವೋಲ್ಟೇಜು ಮತ್ತು ಅದರಲ್ಲಿ ಹರಿದ ಕರೆಂಟು, ಇವೆರಡರ ಒಟ್ಟು ವಹಿವಾಟು. ಬಾಗಿಲು ತಡವಾಗಿ ತೆರೆದರೆ ಕರೆಂಟು ಕಡಿಮೆಯಾಗುವುದಿಲ್ಲ. ಗುಡ್ಡಕ್ಕಿಂತ ಹಿಂದೆ ಬೀಳುತ್ತದೆ. ಒಂದಷ್ಟು ಹೊತ್ತು ಶಕ್ತಿ ಒಳಗೆ ಬರುತ್ತದೆ, ಒಂದಷ್ಟು ಹೊತ್ತು ಬಂದದ್ದು ಹಿಂದಕ್ಕೆ ಹೋಗುತ್ತದೆ. ಕೋಲಾರದಲ್ಲಿ ಹೇಳಿದೆನಲ್ಲ, 90 ದಾಟಿದರೆ ಪೂರ್ತಿ ಹಿಂದಕ್ಕೆ; 90 ರ ಹತ್ತಿರ ಬಂದಷ್ಟೂ ಹೋಗಿ ಬರುವುದೇ ಹೆಚ್ಚು, ಉಳಿಯುವುದು ಕಡಿಮೆ. ನಿವ್ವಳ ಇಳಿಯಿತು, ವಹಿವಾಟು ಹಾಗೇ ಇತ್ತು. ತಂತಿ ಬಿಸಿಯಾಗುವುದು ಕರೆಂಟಿನಿಂದ, ಶಕ್ತಿ ಉಳಿಯಿತೋ ಹಿಂದಿರುಗಿತೋ ತಂತಿಗೆ ಸಂಬಂಧವಿಲ್ಲ. ಆದ್ದರಿಂದ ವಹಿವಾಟಿಗೆ ಬಿಲ್ಲು ಹಾಕುವುದೂ ಅನ್ಯಾಯವೇನಲ್ಲ.

ನಿವ್ವಳವನ್ನು ವಹಿವಾಟಿನಿಂದ ಭಾಗಿಸಿದರೆ ಬರುವುದೇ ಪವರ್ ಫ್ಯಾಕ್ಟರ್. ಆರು ಥೈರಿಸ್ಟರಿನ ಸೇತುವೆಯಲ್ಲಿ, ಕರೆಂಟು ನಯವಾಗಿದ್ದರೆ, ಅದು ಸುಮಾರು 0.955 ಗುಣಿಸು ಆಲ್ಫಾದ ಕೊಸೈನ್. ಈಗ ಲೆಕ್ಕ ಹಾಕಿ. ಸಣ್ಣಪುಟ್ಟ ನಷ್ಟ ಬಿಟ್ಟಿದ್ದೇನೆ.

ಹಗಲು: 12 ರಲ್ಲಿ 9 ವೋಲ್ಟ್. ಕೊಸೈನ್ 0.75, ಆಲ್ಫಾ ಸುಮಾರು 41 ಡಿಗ್ರಿ. ಪವರ್ ಫ್ಯಾಕ್ಟರ್ ಸುಮಾರು 0.72. ನಿವ್ವಳ 72 ಯೂನಿಟ್ಟು, ವಹಿವಾಟು ಸುಮಾರು 100.

ರಾತ್ರಿ: 12 ರಲ್ಲಿ 4 ವೋಲ್ಟ್. ಕೊಸೈನ್ 0.33, ಆಲ್ಫಾ ಸುಮಾರು 70 ಡಿಗ್ರಿ. ಪವರ್ ಫ್ಯಾಕ್ಟರ್ ಸುಮಾರು 0.32. ನಿವ್ವಳ 32 ಯೂನಿಟ್ಟು, ವಹಿವಾಟು ಮತ್ತೆ ಸುಮಾರು 100.

ಕಾಣೆಯಾದ 68 ಯೂನಿಟ್ಟು ಎಲ್ಲಿಯೂ ಹೋಗಿರಲಿಲ್ಲ. ಕಾಕಾ ರಿಜಿಸ್ಟರಿನಲ್ಲಿ ಬರೆದದ್ದು ಅಂಕಿ ಅಂಕಿಗೂ ಸರಿಯಿತ್ತು. ತಪ್ಪು ನನ್ನದು. ನಿವ್ವಳದ ಪಕ್ಕದಲ್ಲಿ ವಹಿವಾಟನ್ನಿಟ್ಟು ವ್ಯತ್ಯಾಸವನ್ನು ಕಳ್ಳತನ ಅಂದಿದ್ದೆ. ಮೊದಲ ವರ್ಷದ ಬಿ.ಕಾಂ. ಹುಡುಗನೂ ಅಂಗಡಿ ಲೆಕ್ಕದಲ್ಲಿ ಮಾಡದ ತಪ್ಪು.

ಪರಿಹಾರವನ್ನೂ ಗೆಳೆಯನೇ ಹೇಳಿದ. ಬಾಗಿಲನ್ನು ತಡ ಮಾಡಿ ವೋಲ್ಟ್ ಇಳಿಸುವ ಬದಲು, ಒಳಗೆ ಬರುವ ಗುಡ್ಡವನ್ನೇ ತಗ್ಗಿಸಿದರೆ? ಟ್ರಾನ್ಸ್‌ಫಾರ್ಮರಿನಲ್ಲಿ ಅದಕ್ಕೆಂದೇ ಟ್ಯಾಪ್ ಇರುತ್ತದೆ. ನಮ್ಮದರಲ್ಲಿ 6 ವೋಲ್ಟಿನ ಟ್ಯಾಪ್ ಇತ್ತು, ಯಾರೂ ಮುಟ್ಟಿರಲಿಲ್ಲ. 6 ರಲ್ಲಿ 4 ಅಂದರೆ ಕೊಸೈನ್ 0.67, ಪವರ್ ಫ್ಯಾಕ್ಟರ್ 0.64, ವಹಿವಾಟು 100 ರಿಂದ 50 ಕ್ಕೆ. ಕೆಪಾಸಿಟರ್ ಹಾಕಿದರೂ ಉಪಯೋಗವಿದೆ. ಆದರೆ ಕತ್ತರಿಸಿದ ಕರೆಂಟಿನಲ್ಲಿ ಹಾರ್ಮೋನಿಕ್ಸ್ ಎಂಬ ಉಪ ಅಲೆಗಳು ಇರುವುದರಿಂದ ಕೆಪಾಸಿಟರ್ ಕೆಡುವ ಭಯವುಂಟು, ಅದನ್ನು ತಿಳಿದವರೇ ಹಾಕಬೇಕು.

ನಾನು ಹೊಸ ಪಟ್ಟಿ ಮಾಡಿ ಶೇಠರ ಮುಂದಿಟ್ಟೆ, ಹಳೆಯ ಪಟ್ಟಿ ತಪ್ಪು ಎಂದು ಅದರ ಮೇಲೆಯೇ ಬರೆದು ಸಹಿ ಮಾಡಿದೆ. ಟ್ಯಾಪ್ ಬದಲಾಯಿಸಿದ ರಾತ್ರಿ ಮೀಟರ್ ಓದಲು ನಾನೇ ನಿಂತೆ. ಬಂದದ್ದು 51. ಶೇಠರು ಕಾಕಾರನ್ನು ರಾತ್ರಿ ಪಾಳಿಗೆ ಮತ್ತೆ ಹಾಕಿದರು, ಹೋದ ತಿಂಗಳುಗಳ ಭತ್ತೆಯನ್ನೂ ಕೊಟ್ಟರು.

7. ಕೊನೆಯ ಮಾತು

ಕ್ಷಮೆ ಕೇಳಲು ಹೋದಾಗ ಕಾಕಾ ಸಿಟ್ಟು ಮಾಡಲಿಲ್ಲ. ಚಹಾ ತರಿಸಿದರು. ಆಮೇಲೆ ಅಂದರು: "ತಮ್ಮಾ, ನೀ ಬರದ ಕಾಗದ ನನ್ನ ಮುಂದ ಹಿಡದಿದ್ರು. ಇಂಗ್ಲಿಷಿನ್ಯಾಗ ಇತ್ತು. ಓದಾಕ ಬಂದಿದ್ರ ಏನರೆ ಹೇಳತಿದ್ದೆ."

ಆ ಮಾತು ನನಗೆ ನಾಟಿತು. ಇಪ್ಪತ್ತು ವರ್ಷದಿಂದ ಆ ನಾಬ್ ತಿರುಗಿಸುತ್ತ ಬಂದವರು ಅವರು. ನಾಬ್ ಇಳಿಸಿದರೂ ಕೇಬಲ್ ಅಷ್ಟೇ ಬಿಸಿ ಇರುತ್ತದೆ ಎಂಬುದು ಅವರ ಕೈಗೆ ಗೊತ್ತಿತ್ತು, ಕೇಳಿದ್ದರೆ ಹೇಳುತ್ತಿದ್ದರು. ನಾನು ಕೇಳಲೇ ಇಲ್ಲ.

ಅದಕ್ಕೇ ಈ ಪಾಠವನ್ನು ಕನ್ನಡದಲ್ಲಿ ಬರೆದೆ. ಇದರ ಒಂದು ಪ್ರತಿಯನ್ನು ಕಾಕಾರಿಗೆ ಕೊಡುತ್ತೇನೆ. ತಪ್ಪಿದ್ದರೆ ಅವರು ತಿದ್ದುತ್ತಾರೆ, ತಿಳಿದವರು ನೀವೂ ತಿದ್ದಿರಿ. ಈಗೀಗ ಥೈರಿಸ್ಟರಿನ ಬದಲು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುವ ಹೊಸ ಸಾಧನಗಳು ಬಂದಿವೆ, ಅವುಗಳಿಗೆ ಈ ತೊಂದರೆ ಕಡಿಮೆ. ಆ ಪಾಠವನ್ನು ಮುಂದಿನ ಸಂಚಿಕೆಗೆ ಯಾರಾದರೂ ವಿಜ್ಞಾನದ ಗೆಳೆಯರು ಬರೆಯಲಿ.

ಕಾಮರ್ಸಿನ ಗೆಳೆಯರಿಗೆ ಒಂದು ಮಾತು. ಬಿಲ್ಲಿನಲ್ಲಿ ಅಂಕಿ ಕಂಡರೆ ಅದರ ಹಿಂದಿನ ಅಕ್ಷರಗಳನ್ನೂ ಓದಿರಿ. ನಾನು ಎರಡು ಅಕ್ಷರ ಓದದೆ ಬಿಟ್ಟದ್ದಕ್ಕೆ ಒಬ್ಬ ಮನುಷ್ಯ ಎರಡು ತಿಂಗಳು ಕಳ್ಳನೆನಿಸಿಕೊಂಡ.